ಕಳೆದುಹೋದ ಬಾಚಣಿಗೆ

ಇತಿಹಾಸವೆಂದರೆ ಅರಸರ ವಂಶಾವಳಿ, ಯುದ್ಧಗಳ ತಾರೀಖು, ಒಪ್ಪಂದಗಳ ಪಟ್ಟಿ ಎಂದು ನಾವು ಬಹುಕಾಲ ಓದಿದ್ದೇವೆ, ಓದಿಸಿಯೂ ಇದ್ದೇವೆ. ಮನೆಯೊಳಗಿನ ಸಣ್ಣ ವಸ್ತುಗಳಿಗೂ ಇತಿಹಾಸವುಂಟು. ಕೆಲವೊಮ್ಮೆ ಒಂದು ಬಾಚಣಿಗೆ ಒಂದು ಜನಾಂಗದ ಪಾಡನ್ನು ಸಿಂಹಾಸನಕ್ಕಿಂತ ಸ್ಪಷ್ಟವಾಗಿ ಹೇಳಬಲ್ಲುದು. ಅಮೆರಿಕದಲ್ಲಿ ನೆಲೆಸಿದ ಆಫ್ರಿಕಾ ಮೂಲದ ಜನರ ಕೇಶಸಂಸ್ಕಾರದ ಚರಿತ್ರೆ ಅಂತಹದು. ತಮ್ಮ ತಲೆಯ ಮೇಲೆ ಹುಟ್ಟಿದ ಕೂದಲನ್ನು ಹೇಗೆ ತೊಳೆಯಬೇಕು, ಹೇಗೆ ಬಾಚಬೇಕು, ಹೇಗೆ ಹೆಣೆಯಬೇಕು ಎಂಬುದನ್ನು ಆ ಸಮಾಜದ ಅಸಂಖ್ಯ ಸ್ತ್ರೀಯರು ಪ್ರಾಯಕ್ಕೆ ಬಂದ ಮೇಲೆ ಅಕ್ಷರಾಭ್ಯಾಸ ಮಾಡುವವರಂತೆ ಮೊದಲಿನಿಂದ ಕಲಿಯಬೇಕಾಗಿ ಬಂದಿತು. ತಾಯಿಯ ಮಡಿಲಲ್ಲಿ ಕುಳಿತು ತಾನಾಗಿ ಕಲಿಯುವ ವಿದ್ಯೆ ಇದು. ಅದು ಏಕೆ ಕೈತಪ್ಪಿತು, ಹೇಗೆ ಮರಳಿ ಕೈಸೇರುತ್ತಿದೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಆ ಕೂದಲಿನ ಗುಣವನ್ನು ತಿಳಿದುಕೊಳ್ಳಬೇಕು. ನಮ್ಮಲ್ಲಿ ಹೆಚ್ಚಿನವರ ಕೂದಲು ನೇರವಾಗಿಯೋ ಸ್ವಲ್ಪ ಅಲೆಯಲೆಯಾಗಿಯೋ ಬೆಳೆಯುತ್ತದೆ. ಆಫ್ರಿಕಾ ಮೂಲದ ಬಹುಜನರ ಕೂದಲು ಬುಡದಿಂದಲೇ ಸುರುಳಿಯಾಗಿ ಹೊರಬರುತ್ತದೆ. ಕೂದಲು ಹುಟ್ಟುವ ಕುಳಿಯೇ ಬಾಗಿರುವುದು ಇದಕ್ಕೆ ಕಾರಣ. ಅಡ್ಡಲಾಗಿ ಕತ್ತರಿಸಿ ನೋಡಿದರೆ ಎಳೆ ದುಂಡಗಿರದೆ ಚಪ್ಪಟೆಯಾಗಿರುತ್ತದೆ. ನೆತ್ತಿಯಲ್ಲಿ ಒಸರುವ ಸಹಜವಾದ ಜಿಡ್ಡು ನೇರ ಕೂದಲಿನ ಮೇಲೆ ಸುಲಭವಾಗಿ ಇಳಿದು ತುದಿಯನ್ನು ಮುಟ್ಟುತ್ತದೆ. ಸುರುಳಿಯ ಮೇಲೆ ಹಾಗೆ ಇಳಿಯಲಾರದು. ಆದುದರಿಂದ ತುದಿ ಸದಾ ಒಣಗಿರುತ್ತದೆ. ಒಂದೊಂದು ತಿರುವೂ ಎಳೆಯ ದುರ್ಬಲ ಸ್ಥಾನ. ಒಣಗಿದಾಗ ಹತ್ತಿರದ ಹಲ್ಲುಗಳ ಬಾಚಣಿಗೆಯನ್ನು ಬುಡದಿಂದ ಎಳೆದರೆ ಕೂದಲು ಆ ತಿರುವುಗಳಲ್ಲಿ ತುಂಡಾಗುತ್ತದೆ. ಒಣಗಿದಾಗ ಅದು ಮುದುಡಿಕೊಳ್ಳುವುದರಿಂದ ಒಂದು ಗೇಣುದ್ದದ ಕೂದಲು ಅರ್ಧ ಗೇಣಿಗಿಂತಲೂ ಗಿಡ್ಡವಾಗಿ ಕಾಣಬಹುದು. ಇವಾವುವೂ ದೋಷಗಳಲ್ಲ, ಅದರ ಸ್ವಭಾವ. ಸ್ವಭಾವವನ್ನು ಅರಿತವರ ಕೈಗೆ ಅದು ಒಲಿಯುತ್ತದೆ, ಅರಿಯದವರ ಕೈಯಲ್ಲಿ ಮುರಿಯುತ್ತದೆ.

ಆಫ್ರಿಕಾದ ಜನ ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ೨೦೧೩ರಲ್ಲಿ ಇಂಗ್ಲೆಂಡಿನ ಕೇಂಬ್ರಿಜಿನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯವು ಆಫ್ರಿಕಾದ ಬಾಚಣಿಗೆಗಳ ಪ್ರದರ್ಶನವೊಂದನ್ನು ಏರ್ಪಡಿಸಿ, ಆರು ಸಾವಿರ ವರ್ಷಗಳ ಅವಧಿಯನ್ನು ಜನರ ಮುಂದಿಟ್ಟಿತು. ಈಜಿಪ್ಟಿನಲ್ಲಿ ಫೆರೋಗಳಿಗೂ ಹಿಂದಿನ ಸಮಾಧಿಗಳಲ್ಲಿ ದೊರೆತ ಉದ್ದ ಹಲ್ಲಿನ ಬಾಚಣಿಗೆಗಳಿಂದ ಹಿಡಿದು ನಮ್ಮ ಕಾಲದ ಪ್ಲಾಸ್ಟಿಕ್ ಬಾಚಣಿಗೆಗಳವರೆಗೆ ಒಂದೇ ಆಕಾರ ಮುಂದುವರಿದು ಬಂದುದನ್ನು ಅಲ್ಲಿ ಕಾಣಬಹುದಾಗಿದ್ದಿತು: ಉದ್ದವಾದ, ಒಂದರಿಂದೊಂದು ದೂರವಿರುವ ಹಲ್ಲುಗಳು. ಪಶ್ಚಿಮ ಆಫ್ರಿಕಾದ ಹಲವು ಜನಾಂಗಗಳಲ್ಲಿ ಹೆಣಿಗೆಯ ರೀತಿಯನ್ನು ನೋಡಿ ಕುಲವನ್ನೂ ವಯಸ್ಸನ್ನೂ ವಿವಾಹಸ್ಥಿತಿಯನ್ನೂ ಹೇಳಬಹುದಾಗಿದ್ದಿತು. ಶಿಯಾ ಮರದ ಬೀಜದಿಂದ ತೆಗೆದ ಕೊಬ್ಬು ಕೂದಲಿಗೂ ಚರ್ಮಕ್ಕೂ ಲೇಪವಾಗಿದ್ದಿತು. ಹೆಣೆಯುವ ಕೆಲಸಕ್ಕೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನವೆಲ್ಲ, ಹಿಡಿಯುತ್ತಿದ್ದಿತು. ಹಿರಿಯಳು ಹಿಂದೆ, ಕಿರಿಯಳು ಮುಂದೆ ಕುಳಿತ ಆ ಹೊತ್ತೇ ಆ ವಿದ್ಯೆಯ ಪಾಠಶಾಲೆ. ನಮ್ಮ ಮನೆಗಳಲ್ಲಿ ಅಜ್ಜಿ ಮೊಮ್ಮಗಳ ತಲೆಗೆ ಎಣ್ಣೆಯೊತ್ತಿ ಬೈತಲೆ ತೆಗೆದು ಹೆರಳು ಹಾಕುವುದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಪಾಠಶಾಲೆ ಮುಚ್ಚಿದುದು ಗುಲಾಮರ ವ್ಯಾಪಾರದಿಂದ. ೧೬ನೆಯ ಶತಮಾನದ ಆರಂಭದಿಂದ ೧೯ನೆಯ ಶತಮಾನದ ನಡುವಿನವರೆಗೆ ಸುಮಾರು ೧ ಕೋಟಿ ೨೫ ಲಕ್ಷ ಜನರನ್ನು ಆಫ್ರಿಕಾದಿಂದ ಹಡಗುಗಳಿಗೆ ತುಂಬಲಾಯಿತೆಂದು ಇತಿಹಾಸಕಾರರು ಲೆಕ್ಕಹಾಕಿದ್ದಾರೆ. ಅಟ್ಲಾಂಟಿಕ್ ದಾಟಿ ಜೀವಂತವಾಗಿ ದಡ ಸೇರಿದವರು ಸುಮಾರು ೧ ಕೋಟಿ ೭ ಲಕ್ಷ. ಹಡಗೇರಿಸುವ ಮುನ್ನ ಬಂದಿಗಳ ತಲೆ ಬೋಳಿಸುವ ರೂಢಿ ಇದ್ದಿತು. ಹೇನಿನ ಕಾಟ ತಪ್ಪಿಸಲೆಂಬುದು ವ್ಯಾಪಾರಿಗಳ ಸಬೂಬು. ಆದರೆ ಕುಲ, ಊರು, ಪದವಿ ಎಲ್ಲವನ್ನೂ ತಲೆಯ ಮೇಲೆ ಧರಿಸಿದ್ದವರಿಗೆ ಆ ಕ್ಷೌರದ ಅರ್ಥ ಬೇರೆ. ಹೆಸರನ್ನು ಕಿತ್ತುಕೊಳ್ಳುವ ಮೊದಲು ಹೆಸರಿನ ಗುರುತನ್ನು ಕಿತ್ತುಕೊಂಡಂತಾಯಿತು. ಬರಿಗೈಯಲ್ಲಿ ಬಂದವರ ಸಂಗಡ ಬಾಚಣಿಗೆ ಬರಲಿಲ್ಲ, ಎಣ್ಣೆ ಬರಲಿಲ್ಲ, ಬಿಡುವಿನ ಹೊತ್ತಂತೂ ಬರಲೇ ಇಲ್ಲ.

ತೋಟಗಳಲ್ಲಿ ಸೂರ್ಯೋದಯದಿಂದ ಕತ್ತಲಾಗುವವರೆಗೆ ದುಡಿತ. ತಲೆಯನ್ನು ನೋಡಿಕೊಳ್ಳಲು ಸಾಮಾನ್ಯವಾಗಿ ದೊರೆಯುತ್ತಿದ್ದುದು ಭಾನುವಾರ ಒಂದೇ. ಕುರಿಯ ಉಣ್ಣೆಯನ್ನು ಹಿಂಜುವ ತಂತಿಹಲ್ಲಿನ ಹಲಗೆಯೇ ಅನೇಕರಿಗೆ ಬಾಚಣಿಗೆಯಾಯಿತು. ಶಿಯಾ ಕೊಬ್ಬಿನ ಬದಲು ಹಂದಿಯ ಕೊಬ್ಬು, ಬೆಣ್ಣೆ. ನೆತ್ತಿಯ ಹುಣ್ಣಿಗೂ ಹೇನಿಗೂ ಸೀಮೆಎಣ್ಣೆ. ವಾರವೆಲ್ಲ ದಾರದಿಂದಲೋ ಬಟ್ಟೆಯ ಚೂರಿನಿಂದಲೋ ಕೂದಲನ್ನು ಸುತ್ತಿ, ಮೇಲೆ ವಸ್ತ್ರ ಬಿಗಿದು, ಭಾನುವಾರ ಪ್ರಾರ್ಥನೆಗೆ ಹೋಗುವಾಗ ಬಿಚ್ಚುತ್ತಿದ್ದರು. ಗುಲಾಮಗಿರಿಯಲ್ಲಿ ಹುಟ್ಟಿ ಬೆಳೆದ ಮುದುಕರು ೧೯೩೦ರ ದಶಕದಲ್ಲಿ ಸರಕಾರದ ಬರಹಗಾರರ ಮುಂದೆ ಹೇಳಿದ ನೆನಪುಗಳಲ್ಲಿ ಇಂತಹ ಸಂಗತಿಗಳು ದಾಖಲಾಗಿವೆ. ಆ ದಾರದ ಸುತ್ತು ಪಶ್ಚಿಮ ಆಫ್ರಿಕಾದ ಪದ್ಧತಿಯೇ. ವಿದ್ಯೆಯ ಒಂದೆರಡು ಎಳೆಗಳು ಕಡಲು ದಾಟಿ ಉಳಿದಿದ್ದವು ಎನ್ನಲು ಇದು ಸಾಕ್ಷಿ.

ಉಳಿದುದನ್ನೂ ಮುಚ್ಚಿಸುವ ಯತ್ನ ನಡೆಯದಿರಲಿಲ್ಲ. ೧೭೮೬ರಲ್ಲಿ, ಲೂಸಿಯಾನಾ ಸ್ಪೇನಿನ ಅಧೀನದಲ್ಲಿದ್ದಾಗ, ಗವರ್ನರ್ ಮಿರೋ ಎಂಬಾತನು ಆಫ್ರಿಕಾ ಮೂಲದ ಸ್ತ್ರೀಯರು, ಸ್ವತಂತ್ರರಾಗಿದ್ದವರೂ ಕೂಡ, ತಲೆಗೆ ವಸ್ತ್ರ ಕಟ್ಟಿಕೊಳ್ಳತಕ್ಕದ್ದೆಂದು ಆಜ್ಞೆ ಹೊರಡಿಸಿದನು. ಅವರ ಕೇಶಾಲಂಕಾರ ಊರಿನ ಕಣ್ಣು ಸೆಳೆಯುತ್ತಿದ್ದುದೇ ಅಪರಾಧ. ನ್ಯೂ ಓರ್ಲಿಯನ್ಸಿನ ಆ ಸ್ತ್ರೀಯರು ಆಜ್ಞೆಯನ್ನು ಮೀರದೆ, ಬಣ್ಣಬಣ್ಣದ ವಸ್ತ್ರವನ್ನು ಕಿರೀಟದಂತೆ ಕಟ್ಟಿ, ಅಪಮಾನದ ಗುರುತನ್ನೇ ಅಲಂಕಾರವನ್ನಾಗಿ ಮಾಡಿಕೊಂಡರು.

೧೮೬೫ರಲ್ಲಿ ಗುಲಾಮಗಿರಿ ಕೊನೆಗೊಂಡಿತು. ಸಂಕೋಲೆ ಕಳಚಿದರೂ ಕನ್ನಡಿ ಬದಲಾಗಲಿಲ್ಲ. ನೇರವಾದ ಕೂದಲು ‘ಒಳ್ಳೆಯ ಕೂದಲು’, ಸುರುಳಿಯದು ‘ಕೆಟ್ಟ ಕೂದಲು’ ಎಂಬ ಮಾತು ಆ ಜನರ ಮನೆಯೊಳಗೂ ಬೇರೂರಿದ್ದಿತು. ಜೊತೆಗೆ ಬಡತನ, ಮನೆಯಲ್ಲಿ ನಲ್ಲಿಯಿಲ್ಲ, ತಲೆ ತೊಳೆಯುವುದು ಅಪರೂಪ, ನೆತ್ತಿಯ ರೋಗಗಳು ಸಾಮಾನ್ಯ. ಈ ಹೊತ್ತಿನಲ್ಲಿ ಇಬ್ಬರು ಸ್ತ್ರೀಯರು ಮುಂದೆ ಬಂದರು. ಆನಿ ಟರ್ನ್‌ಬೋ ಮಲೋನ್ ಎಂಬಾಕೆ ‘ಪೋರೋ’ ಎಂಬ ಹೆಸರಿನಿಂದ ಕೇಶಲೇಪಗಳನ್ನು ಮಾರಿ, ೧೯೧೮ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಪೋರೋ ಕಾಲೇಜನ್ನು ಕಟ್ಟಿಸಿದರು. ಮೊದಲು ಅವರ ಪ್ರತಿನಿಧಿಯಾಗಿ ಮನೆಮನೆಗೆ ಲೇಪ ಮಾರಿದವರು ಸಾರಾ ಬ್ರೀಡ್‌ಲವ್; ಲೋಕ ಬಲ್ಲ ಹೆಸರು ಮೇಡಂ ಸಿ. ಜೆ. ವಾಕರ್.

ವಾಕರ್ ೧೮೬೭ರಲ್ಲಿ ಲೂಸಿಯಾನಾದ ಡೆಲ್ಟಾ ಎಂಬಲ್ಲಿ ಹುಟ್ಟಿದರು. ಏಳನೆಯ ವಯಸ್ಸಿಗೆ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡು, ಹದಿನಾಲ್ಕಕ್ಕೆ ಮದುವೆಯಾಗಿ, ಇಪ್ಪತ್ತಕ್ಕೆ ವಿಧವೆಯಾದ ಆಕೆ ವರ್ಷಗಟ್ಟಲೆ ಬಟ್ಟೆ ಒಗೆದು ಮಗಳನ್ನು ಸಾಕಿದರು. ತಮ್ಮ ತಲೆಗೂದಲು ಉದುರತೊಡಗಿದಾಗ ಪರಿಹಾರವನ್ನು ಹುಡುಕಿದರು. ೧೯೦೬ರ ಹೊತ್ತಿಗೆ ಗಂಧಕ ಬೆರೆತ ಲೇಪವನ್ನು ಸ್ವಂತ ಹೆಸರಿನಲ್ಲಿ ಮಾರತೊಡಗಿದರು. ಬಿಸಿ ಮಾಡಿ ಕೂದಲನ್ನು ನೇರ್ಪಡಿಸುವ ಲೋಹದ ಬಾಚಣಿಗೆಯನ್ನು ಆಕೆಯೇ ಕಂಡುಹಿಡಿದರೆಂಬ ಮಾತು ಪ್ರಚಾರದಲ್ಲಿದೆ, ಅದು ಸರಿಯಲ್ಲ. ಅಂತಹ ಬಾಚಣಿಗೆ ೧೯ನೆಯ ಶತಮಾನದಲ್ಲಿಯೇ ಫ್ರಾನ್ಸಿನಲ್ಲಿ ಬಳಕೆಯಲ್ಲಿದ್ದಿತು. ಆಕೆಯ ಪದ್ಧತಿಯಲ್ಲಿ ಅದು ಸೇರಿದ್ದುದು ನಿಜ. ಆದರೆ ನೆತ್ತಿಯನ್ನು ಪದೇ ಪದೇ ತೊಳೆದು ಶುಚಿಯಾಗಿಡಬೇಕೆಂಬ ಬೋಧೆಯೇ ಅದರ ತಿರುಳಾಗಿದ್ದಿತು. ಸಾವಿರಾರು ಸ್ತ್ರೀಯರಿಗೆ ಈ ಕೆಲಸ ಕಲಿಸಿ, ಒಗೆಯುವ ಕಲ್ಲಿನಿಂದಲೂ ಪರರ ಅಡುಗೆಮನೆಯಿಂದಲೂ ಬಿಡಿಸಿ, ಸ್ವಂತ ಸಂಪಾದನೆಯ ದಾರಿ ತೋರಿದರು. ೧೯೧೭ರಲ್ಲಿ ಫಿಲಡೆಲ್ಫಿಯಾದಲ್ಲಿ ಅವರ ಸಮ್ಮೇಳನವನ್ನೇ ಕರೆದರು. ೧೯೧೯ರಲ್ಲಿ ಆಕೆ ತೀರಿಕೊಂಡಾಗ ದೇಶದ ಅತ್ಯಂತ ಶ್ರೀಮಂತ ಸ್ವಯಾರ್ಜಿತ ಸ್ತ್ರೀಯರ ಸಾಲಿನಲ್ಲಿದ್ದರು. ಮುಚ್ಚಿದ ಪಾಠಶಾಲೆಯ ಬಾಗಿಲು ಹೀಗೆ ಅರ್ಧ ತೆರೆಯಿತು. ಅರ್ಧವೆನ್ನಲು ಕಾರಣವಿದೆ: ಪಾಠದ ಕೊನೆಯಲ್ಲಿ ಕೂದಲು ನೇರವಾಗಲೇಬೇಕೆಂಬ ನಿರೀಕ್ಷೆ ಹಾಗೆಯೇ ಉಳಿಯಿತು.

ಅನಂತರ ರಸಾಯನಶಾಸ್ತ್ರ ಬಂದಿತು. ಕ್ಲೀವ್‌ಲೆಂಡಿನಲ್ಲಿ ಹೊಲಿಗೆಯಂತ್ರ ರಿಪೇರಿ ಮಾಡುತ್ತಿದ್ದ ಗ್ಯಾರೆಟ್ ಮಾರ್ಗನ್, ಸೂಜಿಯ ಶಾಖ ಕಡಮೆ ಮಾಡಲು ತಯಾರಿಸಿದ ದ್ರವವು ಬಟ್ಟೆಯ ಎಳೆಗಳನ್ನು ನೇರ್ಪಡಿಸಿದುದನ್ನು ಕಂಡು, ಅದನ್ನು ಕೂದಲಿಗೆ ಪ್ರಯೋಗಿಸಿದನೆಂದು ಹೇಳುತ್ತಾರೆ. ೧೯೧೩ರಲ್ಲಿ ಅವನ ಕಂಪನಿ ಅದನ್ನು ಮಾರತೊಡಗಿತು. ಮುಂದೆ ಕಾಸ್ಟಿಕ್ ಸೋಡದ ಲೇಪಗಳು ಬಳಕೆಗೆ ಬಂದವು. ಕೂದಲಿಗೆ ಆಕಾರ ಕೊಡುವ ಗಂಧಕದ ಬಂಧಗಳನ್ನು ಈ ಕ್ಷಾರ ಮುರಿಯುತ್ತದೆ. ಒಮ್ಮೆ ಮುರಿದರೆ ಆ ಎಳೆ ಮತ್ತೆ ಸುರುಳಿಯಾಗದು. ಸ್ವಲ್ಪ ಹೊತ್ತು ಹೆಚ್ಚಾದರೂ ನೆತ್ತಿ ಸುಡುತ್ತದೆ. ಮಾಲ್ಕಂ ಎಕ್ಸ್ ತಮ್ಮ ಆತ್ಮಚರಿತ್ರೆಯಲ್ಲಿ (೧೯೬೫) ತರುಣನಾಗಿದ್ದಾಗ ಈ ಉರಿಯನ್ನು ಸಹಿಸಿಕೊಂಡು ಕೂದಲು ನೇರ ಮಾಡಿಸಿಕೊಂಡುದನ್ನು ವರ್ಣಿಸಿ, ಅದು ತಮ್ಮನ್ನು ತಾವೇ ಹೀನೈಸಿಕೊಳ್ಳುವ ಹಾದಿಯ ಮೊದಲ ದೊಡ್ಡ ಹೆಜ್ಜೆಯಾಗಿತ್ತೆಂದು ವಿಮರ್ಶಿಸಿಕೊಂಡಿದ್ದಾರೆ.

ಈ ಲೇಪವನ್ನು ಆರೆಂಟು ವಾರಗಳಿಗೊಮ್ಮೆ ಹೊಸದಾಗಿ ಬೆಳೆದ ಬುಡಕ್ಕೆ ಹಚ್ಚಬೇಕು. ಎಷ್ಟೋ ಬಾಲಕಿಯರಿಗೆ ಶಾಲೆಗೆ ಸೇರುವ ವಯಸ್ಸಿನಲ್ಲಿಯೇ ಹಚ್ಚಲಾಗುತ್ತಿದ್ದಿತು. ತಾಯಿಯನ್ನು ದೂರುವುದು ಸುಲಭ. ಆದರೆ ಬೆಳಗಿನಲ್ಲಿ ದುಡಿಮೆಗೆ ಹೊರಡುವ ಅವಸರ, ಮಗಳನ್ನು ಹೊರಗಿನವರು ಹೀಯಾಳಿಸದಿರಲೆಂಬ ಕಳವಳ, ಇವೆರಡೂ ಆಕೆಯ ಮುಂದಿದ್ದವು. ಆಕೆಗೂ ಬೇರೆ ವಿದ್ಯೆಯನ್ನು ಯಾರೂ ಕಲಿಸಿರಲಿಲ್ಲ. ಹೀಗಾಗಿ ಮಗಳು ಮೂವತ್ತು ವರ್ಷದವಳಾದರೂ ತನ್ನ ಕೂದಲಿನ ನಿಜರೂಪವನ್ನು ಕಂಡಿರುತ್ತಿರಲಿಲ್ಲ.

೧೯೬೦ರ ದಶಕದ ಹಕ್ಕಿನ ಹೋರಾಟ ಕನ್ನಡಿಯನ್ನು ಬದಲಿಸಿತು. ಕೂದಲನ್ನು ಹುಟ್ಟಿದಂತೆ ಬಿಟ್ಟು ತಲೆಯ ಸುತ್ತ ಗೋಲಾಕಾರವಾಗಿ ಬೆಳೆಸುವ ‘ಆಫ್ರೋ’ ಸ್ವಾಭಿಮಾನದ ಲಾಂಛನವಾಯಿತು. ೧೯೬೬ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ವಾರ್ಷಿಕೋತ್ಸವದ ರಾಣಿಯಾಗಿ ಆಫ್ರೋ ಧರಿಸಿದ್ದ ರಾಬಿನ್ ಗ್ರೆಗರಿಯನ್ನು ಚುನಾಯಿಸಿದರು. ಆದರೆ ಧೈರ್ಯ ಬಂದ ಮಾತ್ರಕ್ಕೆ ವಿದ್ಯೆ ಬಂದಂತಾಗದು. ಆ ಕೂದಲಿಗೆ ತಕ್ಕ ಬಾಚಣಿಗೆ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ; ಹೇಗೆ ಕತ್ತರಿಸಬೇಕೆಂಬುದು ಕ್ಷೌರಿಕರಿಗೂ ತಿಳಿದಿರಲಿಲ್ಲ.

ಈ ಕೊರತೆಯನ್ನು ತುಂಬಲು ದುಡಿದವರಲ್ಲಿ ಸ್ಯಾನ್ ಡಿಯಾಗೋ ನಗರದ ಕ್ಷೌರಿಕ ವಿಲ್ಲಿ ಮಾರೋ (೧೯೩೯–೨೦೨೨) ಸ್ಮರಣೀಯರು. ಆಫ್ರಿಕಾದಿಂದ ಬಂದ ಮರದ ಬಾಚಣಿಗೆಯೊಂದು ಕೈಗೆ ಬಂದಾಗ ಅದರ ಉದ್ದ ಹಲ್ಲುಗಳ ಉಪಯೋಗ ಅವರಿಗೆ ಹೊಳೆಯಿತು. ಅದರ ಮಾದರಿಯಲ್ಲಿ ಬಾಚಣಿಗೆಗಳನ್ನು ಮಾಡಿ ಮಾರಿದರು. ಈ ಕೂದಲನ್ನು ಕತ್ತರಿಸುವ ಕ್ರಮವನ್ನು ಕುರಿತು ಪಠ್ಯಪುಸ್ತಕ ಬರೆದರು. ಸೈನ್ಯದ ಕ್ಷೌರಿಕರಿಗೂ ಕಲಿಸಿದರು. ೧೯೭೩ರಲ್ಲಿ ಅವರು ಪ್ರಕಟಿಸಿದ ಇತಿಹಾಸಗ್ರಂಥದ ಹೆಸರೇ ‘ಬಾಚಣಿಗೆಯಿಲ್ಲದ ನಾನೂರು ವರ್ಷಗಳು’ ಎಂಬರ್ಥದ್ದು. ಆಫ್ರಿಕಾದ ದಡದಲ್ಲಿ ಬಿಟ್ಟುಬಂದ ಬಾಚಣಿಗೆ ನಾಲ್ಕು ಶತಮಾನಗಳ ಮೇಲೆ ಮರಳಿ ದೊರೆತುದರ ಕಥೆ ಅದು. ಒಂದು ಉಪಕರಣ ಕಳೆದುಹೋದರೆ ಅದರೊಡನೆ ಒಂದು ವಿದ್ಯೆಯೇ ಕಳೆದುಹೋಗುತ್ತದೆ ಎಂಬುದನ್ನು ಇಷ್ಟು ನೇರವಾಗಿ ಹೇಳಿದವರು ವಿರಳ.

ಇಷ್ಟಾದರೂ ನ್ಯಾಯಾಲಯಗಳಿಗೆ ಈ ವಿದ್ಯೆ ಅರ್ಥವಾಗಲು ತಡವಾಯಿತು. ಅಮೆರಿಕನ್ ಏರ್‌ಲೈನ್ಸಿನ ನೌಕರಳಾಗಿದ್ದ ರೆನೆ ರೋಜರ್ಸ್ ನೆತ್ತಿಗಂಟಿದ ಸಾಲುಜಡೆ ಧರಿಸಲು ಅವಕಾಶ ಕೋರಿದಾಗ, ೧೯೮೧ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಅದನ್ನು ನಿರಾಕರಿಸಿತು. ಹುಟ್ಟಿನಿಂದ ಬಂದ ಲಕ್ಷಣಕ್ಕೆ ಕಾನೂನಿನ ರಕ್ಷಣೆ ಉಂಟು, ಜಡೆ ಕೃತಕವಾದ ಅಲಂಕಾರ, ಬದಲಿಸಿಕೊಳ್ಳಬಹುದು ಎಂಬುದು ತೀರ್ಪಿನ ಸಾರ. ಕಾನೂನಿನ ದೃಷ್ಟಿಗೆ ಇದು ತರ್ಕಬದ್ಧವಾಗಿ ಕಾಣಬಹುದು. ಆದರೆ ಮೇಲೆ ವಿವರಿಸಿದ ಕೂದಲಿನ ಸ್ವಭಾವವನ್ನು ನೆನೆಯಿರಿ. ಹೆಣಿಗೆಯಲ್ಲಿ ಬಂಧಿತವಾದ ಕೂದಲು ಒಂದಕ್ಕೊಂದು ಸಿಕ್ಕಿಕೊಳ್ಳುವುದಿಲ್ಲ, ದಿನವೂ ಬಾಚಣಿಗೆಯ ಎಳೆತಕ್ಕೆ ಸಿಲುಕುವುದಿಲ್ಲ, ತುದಿ ಒಣಗಿ ಮುರಿಯುವುದಿಲ್ಲ. ಈ ಕೂದಲಿಗೆ ಜಡೆಯೆಂಬುದು ಒಡವೆಯೂ ಹೌದು, ಆರೈಕೆಯೂ ಹೌದು.

ಕಲಿಸುವ ಹಕ್ಕಿಗಾಗಿಯೂ ಹೋರಾಡಬೇಕಾಯಿತು. ಟೆಕ್ಸಾಸಿನ ಡಲ್ಲಾಸಿನಲ್ಲಿ ಆಫ್ರಿಕನ್ ಹೆಣಿಗೆಯ ಕೆಲಸ ನಡೆಸುತ್ತಿದ್ದ ಐಸಿಸ್ ಬ್ರಾಂಟ್ಲಿಯವರನ್ನು ೧೯೯೭ರಲ್ಲಿ ಪರವಾನಗಿ ಇಲ್ಲವೆಂಬ ಕಾರಣಕ್ಕೆ ಪೊಲೀಸರು ಬಂಧಿಸಿದರು. ಮುಂದೆ ಹೆಣಿಗೆಗೆ ಪರವಾನಗಿ ದೊರೆತರೂ, ಇತರರಿಗೆ ಕಲಿಸಿ ಆ ಕಲಿಕೆಗೆ ಮಾನ್ಯತೆ ಸಿಗಬೇಕಾದರೆ ಪೂರ್ಣಪ್ರಮಾಣದ ಕ್ಷೌರಶಾಲೆಯನ್ನೇ ಕಟ್ಟಬೇಕೆಂದು ನಿಯಮ ಹೇಳಿತು: ಹತ್ತು ಕುರ್ಚಿಗಳು, ಐದು ತೊಳೆಯುವ ತೊಟ್ಟಿಗಳು, ವಿಶಾಲವಾದ ಕಟ್ಟಡ. ಹೆಣೆಯುವವರಿಗೆ ಈ ತೊಟ್ಟಿಗಳಿಂದ ಏನು ಪ್ರಯೋಜನ? ೨೦೧೫ರ ಜನವರಿಯಲ್ಲಿ ಫೆಡರಲ್ ನ್ಯಾಯಾಧೀಶರು ಈ ನಿಯಮಗಳನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿದರು. ಅದೇ ವರ್ಷ ರಾಜ್ಯವು ಹೆಣಿಗೆಯನ್ನು ಪರವಾನಗಿಯ ಕಟ್ಟಿನಿಂದಲೇ ಬಿಡಿಸಿತು.

ಶಾಲೆಗಳ ಮಾತನ್ನು ಬಿಡುವಂತಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ೧೯೫೦ರ ಜನಾಂಗ ನೋಂದಣಿ ಕಾನೂನಿನ ಕಾಲದಲ್ಲಿ ಕೂದಲಿನೊಳಗೆ ಪೆನ್ಸಿಲ್ ಸಿಕ್ಕಿಸಿ, ಅದು ಜಾರಿ ಬಿದ್ದರೆ ಒಂದು ವರ್ಗ, ನಿಂತರೆ ಇನ್ನೊಂದು ವರ್ಗ ಎಂದು ಮನುಷ್ಯರನ್ನು ವಿಂಗಡಿಸುತ್ತಿದ್ದರು. ಆ ಕಾನೂನು ೧೯೯೧ರಲ್ಲಿ ರದ್ದಾಯಿತು. ೨೦೧೬ರಲ್ಲಿ ಪ್ರಿಟೋರಿಯಾದ ಬಾಲಿಕಾ ಪ್ರೌಢಶಾಲೆಯೊಂದರ ವಿದ್ಯಾರ್ಥಿನಿಯರು ತಮ್ಮ ಸಹಜ ಕೂದಲನ್ನು ಅಶಿಸ್ತೆಂದು ಕಾಣುವ ನಿಯಮದ ವಿರುದ್ಧ ಪ್ರತಿಭಟಿಸಿದರು. ಪ್ರಾಂತ್ಯದ ಶಿಕ್ಷಣ ಇಲಾಖೆ ಆ ನಿಯಮವನ್ನು ಅಮಾನತಿನಲ್ಲಿಟ್ಟಿತು. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ೨೦೧೯ರ ಜುಲೈಯಲ್ಲಿ ‘ಕ್ರೌನ್’ ಕಾನೂನನ್ನು ಮಾಡಿ, ಕೂದಲಿನ ಗುಣ ಮತ್ತು ಜಡೆಗಳ ನೆಪದಿಂದ ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ತಾರತಮ್ಯ ಮಾಡುವುದನ್ನು ನಿಷೇಧಿಸಿತು. ಅನಂತರ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಆ ಹಾದಿ ಹಿಡಿದವು. ೨೦೨೨ರಲ್ಲಿ ಕೇಂದ್ರದ ಕೆಳಮನೆ ಇಂತಹ ಮಸೂದೆಯನ್ನು ಅಂಗೀಕರಿಸಿತಾದರೂ ಸೆನೆಟ್ಟಿನಲ್ಲಿ ಅದು ಮುಂದುವರಿಯಲಿಲ್ಲ. ೨೦೨೩ರಲ್ಲಿ ನ್ಯೂಯಾರ್ಕ್ ರಾಜ್ಯವು ಕೇಶಾಲಂಕಾರ ಶಾಲೆಗಳಲ್ಲಿ ಎಲ್ಲ ಬಗೆಯ ಕೂದಲಿನ ಆರೈಕೆಯನ್ನೂ ಕಲಿಸಬೇಕೆಂದು ಕಾನೂನು ಮಾಡಿತು.

ಈ ಶತಮಾನದ ಆರಂಭದಿಂದ ಅಮೆರಿಕದ ಸ್ತ್ರೀಯರು ದೊಡ್ಡ ಸಂಖ್ಯೆಯಲ್ಲಿ ಕ್ಷಾರದ ಲೇಪವನ್ನು ತ್ಯಜಿಸತೊಡಗಿದ್ದಾರೆ. ೨೦೨೨ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ೩೩,೪೯೭ ಸ್ತ್ರೀಯರ ಅಧ್ಯಯನವೊಂದನ್ನು ಪ್ರಕಟಿಸಿ, ಕೂದಲನ್ನು ನೇರ್ಪಡಿಸುವ ರಾಸಾಯನಿಕಗಳನ್ನು ಪದೇ ಪದೇ ಬಳಸುವವರಲ್ಲಿ ಗರ್ಭಕೋಶದ ಕ್ಯಾನ್ಸರು ಬಳಸದವರಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿ ಕಂಡುಬಂದಿತೆಂದು ತಿಳಿಸಿದರು. ಎರಡಕ್ಕೂ ಸಂಬಂಧವಿದೆ ಎಂಬಷ್ಟೇ ಇದರ ತಾತ್ಪರ್ಯ. ಕಾರಣವೆಂದು ಇದೊಂದರಿಂದಲೇ ಸಿದ್ಧವಾಗದು. ಆದರೂ ಎಚ್ಚರಿಕೆಗೆ ಇದು ಸಾಕು.

ಬಿಡುವುದು ಒಂದು ದಿನದ ಕೆಲಸ. ಕಲಿಯುವುದು ವರ್ಷಗಳ ಕೆಲಸ. ನೇರ್ಪಡಿಸಿದ ಭಾಗವನ್ನೆಲ್ಲ ಕತ್ತರಿಸಿ ಬೆರಳುದ್ದದ ಕೂದಲಿನಿಂದ ಆರಂಭಿಸಬೇಕು, ಇಲ್ಲವೇ ಎರಡು ಗುಣದ ಕೂದಲನ್ನು ತಿಂಗಳುಗಟ್ಟಲೆ ಒಂದೇ ತಲೆಯಲ್ಲಿ ಸಂಬಾಳಿಸಬೇಕು. ಎರಡೂ ಕೂಡುವ ಜಾಗದಲ್ಲಿ ಎಳೆ ತುಂಡಾಗುತ್ತದೆ. ಬಣ್ಣದ ಡಬ್ಬಿಗಳನ್ನು ಕೊಂಡು ಹಣ ಕಳೆದುಕೊಳ್ಳುವವರು ಬಹಳ. ಒಬ್ಬಳಿಗೆ ಒಗ್ಗಿದ ಲೇಪ ಇನ್ನೊಬ್ಬಳಿಗೆ ಒಗ್ಗದು. ಒಂದೇ ತಲೆಯ ಹಣೆಯ ಕೂದಲು ಒಂದು ಬಗೆ, ಹಿಂದಲೆಯದು ಇನ್ನೊಂದು ಬಗೆ. ಕಾಲಕ್ರಮದಲ್ಲಿ ಕೆಲವು ಸೂತ್ರಗಳು ಸಿದ್ಧವಾಗಿವೆ. ತಲೆಯನ್ನು ದಿನವೂ ತೊಳೆಯಬಾರದು. ತೊಳೆದ ಮೇಲೆ, ತೇವವಿರುವಾಗಲೇ ಎಣ್ಣೆಯನ್ನೋ ಲೇಪವನ್ನೋ ಹಚ್ಚಿ ನೀರಿನಂಶವನ್ನು ಹಿಡಿದಿಡಬೇಕು. ಕೂದಲನ್ನು ಭಾಗಗಳಾಗಿ ವಿಂಗಡಿಸಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಲ್ಲಿ ಮೊದಲುಮಾಡಿ ಬುಡದ ಕಡೆಗೆ ಸಿಕ್ಕು ಬಿಡಿಸಬೇಕು. ರಾತ್ರಿ ನಯವಾದ ವಸ್ತ್ರ ಕಟ್ಟಿ ಮಲಗಬೇಕು. ತೀರ ಬಿಗಿಯಾಗಿ ಹೆಣೆಯಬಾರದು. ಹಾಗೆ ಹೆಣೆದರೆ ಹಣೆಯಂಚಿನ ಕೂದಲು ಉದುರಿ ಮರಳಿ ಬಾರದೆ ಹೋಗಬಹುದು. ಇವುಗಳಲ್ಲಿ ಬಹುಪಾಲು ಆಫ್ರಿಕಾದ ಅಜ್ಜಿಯರು ಬಲ್ಲ ಸಂಗತಿಗಳೇ.

ಈ ಕಥೆಗೂ ನಮಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಎರಡು ಬಗೆಯದು. ತಿರುಮಲೆಯಲ್ಲಿ ಭಕ್ತರು ಹರಕೆಯಾಗಿ ಕೊಡುವ ಮುಡಿಯನ್ನು ದೇವಸ್ಥಾನದವರು ಹರಾಜು ಹಾಕುತ್ತಾರೆ. ಅದರಲ್ಲಿನ ಉದ್ದ ಕೂದಲು ಹೊರದೇಶಗಳಿಗೆ ಹೋಗಿ ಚವರಿ, ಟೋಪನ್ನುಗಳಾಗಿ, ತನ್ನ ಕೂದಲನ್ನು ಮರೆಮಾಡಬಯಸುವ ಅಮೆರಿಕದ ಸ್ತ್ರೀಯ ತಲೆಯನ್ನೂ ಸೇರುತ್ತದೆ. ೨೦೦೯ರಲ್ಲಿ ತೆರೆಕಂಡ ‘ಗುಡ್ ಹೇರ್’ ಎಂಬ ಸಾಕ್ಷ್ಯಚಿತ್ರ ಈ ಜಾಡನ್ನು ಹಿಡಿದು ನಮ್ಮ ದೇಶದವರೆಗೂ ಬಂದಿತು. ಒಬ್ಬಳು ಅಹಂಕಾರ ನೀಗಲೆಂದು ಅರ್ಪಿಸಿದುದನ್ನು ಇನ್ನೊಬ್ಬಳು ಅಪಮಾನ ನೀಗಲೆಂದು ಕೊಳ್ಳುತ್ತಾಳೆ. ಎರಡನೆಯದು ಇನ್ನೂ ಹತ್ತಿರದ್ದು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲಾ ಭಾಗಗಳಲ್ಲಿ ನೆಲೆಸಿರುವ ಸಿದ್ದಿಗಳು ಆಫ್ರಿಕಾ ಮೂಲದವರು. ಶತಮಾನಗಳ ಹಿಂದೆ ಪಶ್ಚಿಮ ಕರಾವಳಿಗೆ ತರಲ್ಪಟ್ಟವರ ಸಂತತಿ. ಕನ್ನಡ ಶಾಲೆಯ ಹಲಗೆಯ ಮೇಲೆ ಕುಳಿತು ಓದುವ ಅವರ ಮಕ್ಕಳ ತಲೆಯಲ್ಲಿಯೂ ಅದೇ ಸುರುಳಿ ಕೂದಲಿದೆ.

ಶಾಲೆಯಲ್ಲಿ ‘ತಲೆ ಬಾಚಿಕೊಂಡು ಬಾ’ ಎಂದು ಗದರಿಸುವುದು ನಮಗೆಲ್ಲ ರೂಢಿಯಾದ ಮಾತು. ಯಾವ ಬಾಚಣಿಗೆಯಿಂದ, ಯಾವ ಕೂದಲನ್ನು ಎಂದು ಕೇಳಿಕೊಳ್ಳುವುದು ಅಪರೂಪ. ಶುಚಿತ್ವಕ್ಕೆ ಒಂದೇ ಆಕಾರವಿಲ್ಲ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆಯಲ್ಲಿ ಎಷ್ಟು ಶಿಸ್ತು ಇದೆಯೋ ತಲೆಯ ಸುತ್ತ ಮೋಡದಂತೆ ನಿಂತ ಕೂದಲಿನಲ್ಲಿಯೂ ಅಷ್ಟೇ ಶಿಸ್ತು ಇರಬಲ್ಲುದು. ಒಂದು ಜನಾಂಗದ ಕೈಯಿಂದ ಬಾಚಣಿಗೆ ಕಿತ್ತುಕೊಳ್ಳಲು ಒಂದು ದಿನ ಸಾಕಾಯಿತು. ಅದನ್ನು ಮರಳಿ ಪಡೆಯಲು ನಾನೂರು ವರ್ಷ ಬೇಕಾಯಿತು. ಮಗುವೊಂದು ತನ್ನ ಮೈಯನ್ನು ಕುರಿತು ನಾಚುವಂತೆ ಆಡುವ ಒಂದು ಮಾತೂ ಹಾಗೆಯೇ: ಆಡಲು ಕ್ಷಣ ಸಾಕು, ಅದರ ಗಾಯ ಮಾಯಲು ಒಂದು ಆಯುಷ್ಯ ಸಾಲದೆ ಹೋಗಬಹುದು. ಉಪಾಧ್ಯಾಯರ ವೃತ್ತಿಯಲ್ಲಿರುವ ನಾವು ಈ ಇತಿಹಾಸವನ್ನು ಮಕ್ಕಳಿಗೆ ಹೇಳುವುದು ಎಷ್ಟು ಅವಶ್ಯವೋ, ಹೇಳುವ ಮೊದಲು ನಾವೇ ಕಲಿಯುವುದು ಅಷ್ಟೇ ಅವಶ್ಯ.